ಮನ್ನಾರ್ ಕೊಲ್ಲಿ: ಅನುದಾನ ಮುಗಿದ ಮೇಲೆ ಉಳಿದದ್ದೇನು?

ರಾಮೇಶ್ವರಕ್ಕೆ ಹೋಗುವ ಯಾತ್ರಿಕರು ಪಾಂಬನ್ ಸೇತುವೆಯ ಮೇಲೆ ವಾಹನ ನಿಲ್ಲಿಸಿ ಕೆಳಗಿನ ನೀಲಿ ನೀರನ್ನು ನೋಡುವುದು ವಾಡಿಕೆ. ಉತ್ತರಕ್ಕೆ ಕಾಣುವುದು ಪಾಕ್ ಕೊಲ್ಲಿ. ದಕ್ಷಿಣಕ್ಕೆ ಮನ್ನಾರ್ ಕೊಲ್ಲಿ. ಆ ದಕ್ಷಿಣದ ನೀರಿನಲ್ಲಿ, ಕುರುಸಡೈ ದ್ವೀಪದ ಆಸುಪಾಸಿನಲ್ಲಿ, ಕೆಲವು ದಿನ ಬೆಳಗಿನ ಹೊತ್ತು ಹೆಂಗಸರು ಮುಳುಗಿ ಏಳುತ್ತಿರುವುದು ಕಣ್ಣಿಗೆ ಬೀಳುತ್ತದೆ. ಕಣ್ಣಿಗೆ ನೀರುಕನ್ನಡಕ, ಬೆರಳುಗಳಿಗೆ ಸುತ್ತಿದ ಬಟ್ಟೆಯ ಚೂರು, ಕಾಲಿಗೆ ರಬ್ಬರ್ ಚಪ್ಪಲಿ, ಸೊಂಟಕ್ಕೆ ಕಟ್ಟಿದ ಬಲೆಯ ಚೀಲ. ಉಸಿರು ಬಿಗಿಹಿಡಿದು ಮುಳುಗುವ ಇವರು ಬಂಡೆಗೆ ಅಂಟಿದ ಸಮುದ್ರಪಾಚಿಯನ್ನು ಕೈಯಿಂದ ಕಿತ್ತು ಚೀಲಕ್ಕೆ ತುಂಬುತ್ತಾರೆ. ಒಣಗಿಸಿದ ಆ ಪಾಚಿ ವ್ಯಾಪಾರಿಯ ಕೈದಾಟಿ ಕಾರ್ಖಾನೆ ಸೇರಿ, ಪ್ರಯೋಗಾಲಯದಿಂದ ಮಿಠಾಯಿ ಅಂಗಡಿಯವರೆಗೆ ಬಳಕೆಯಾಗುವ ಅಗರ್ ಎಂಬ ಪದಾರ್ಥವಾಗುತ್ತದೆ.

ಈ ಹೆಂಗಸರು ಮುಳುಗುವ ನೀರು ದೇಶದ ಅತ್ಯಂತ ಬಿಗಿಯಾದ ಸಂರಕ್ಷಣಾ ಕಾನೂನಿಗೆ ಒಳಪಟ್ಟದ್ದು. ಅಲ್ಲಿ ಬದುಕುವ ಜನ ಕಡಲಿನ ಮೇಲಿನ ಅವಲಂಬನೆಯನ್ನು ಕಡಿಮೆ ಮಾಡಿಕೊಳ್ಳಲಿ ಎಂದು ಅಂತರರಾಷ್ಟ್ರೀಯ ಸಂಸ್ಥೆಗಳೂ ಸರ್ಕಾರಗಳೂ ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಹಣ ಹರಿಸಿವೆ. ಆ ಹಣ ಏನು ಮಾಡಿತು, ಏನು ಮಾಡಲಾಗಲಿಲ್ಲ ಎಂಬುದು ಕರಾವಳಿ ಇರುವ ಎಲ್ಲ ರಾಜ್ಯಗಳಿಗೂ ಉಪಯುಕ್ತವಾದ ಕಥೆ. ಅಘನಾಶಿನಿಯಂಥ ನದೀಮುಖಕ್ಕೆ ಅಂತರರಾಷ್ಟ್ರೀಯ ಮನ್ನಣೆ ದೊರೆತಿರುವ ಈ ಹೊತ್ತಿನಲ್ಲಿ ಕರ್ನಾಟಕಕ್ಕೂ ಅದು ದೂರದ ಸಂಗತಿಯಲ್ಲ.

ಇಪ್ಪತ್ತೊಂದು ದ್ವೀಪಗಳ ಸಾಲು

ಪಾಂಬನ್‌ನಿಂದ ತೂತುಕುಡಿಯವರೆಗೆ ಕರಾವಳಿಗೆ ಸಮಾನಾಂತರವಾಗಿ 21 ಪುಟ್ಟ ದ್ವೀಪಗಳು ಹರಡಿಕೊಂಡಿದ್ದವು. ಯಾವುದರಲ್ಲೂ ಜನವಸತಿ ಇಲ್ಲ. ಮಂಡಪಂ, ಕೀಳಕರೈ, ವೇಂಬಾರ್, ತೂತುಕುಡಿ ಎಂದು ಇವನ್ನು ನಾಲ್ಕು ಗುಂಪುಗಳಾಗಿ ಗುರುತಿಸುತ್ತಾರೆ. ದ್ವೀಪಗಳ ಸುತ್ತ ಹವಳದ ದಿಬ್ಬಗಳು, ಅವುಗಳ ನಡುವೆ ಕಡಲಹುಲ್ಲಿನ ಬಯಲು, ಅಲ್ಲಲ್ಲಿ ಕಾಂಡ್ಲಾ ಪೊದೆಗಳು. ಈ ಕೊಲ್ಲಿಯಲ್ಲಿ 3,600ಕ್ಕೂ ಹೆಚ್ಚು ಬಗೆಯ ಸಸ್ಯ ಮತ್ತು ಪ್ರಾಣಿಗಳು ದಾಖಲಾಗಿವೆ. ಹವಳದ ಪ್ರಭೇದಗಳೇ ನೂರನ್ನು ಮೀರುತ್ತವೆ. ಕಡಲಹುಲ್ಲನ್ನೇ ಮೇಯ್ದು ಬದುಕುವ ಕಡಲಹಸು ಭಾರತದಲ್ಲಿ ಉಳಿದಿರುವ ಕೆಲವೇ ತಾಣಗಳಲ್ಲಿ ಇದೂ ಒಂದು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 1986ರಲ್ಲಿ ದ್ವೀಪಗಳೂ ಅವುಗಳ ಸುತ್ತಲಿನ ಆಳವಿಲ್ಲದ ನೀರೂ ಸೇರಿ 560 ಚದರ ಕಿಲೋಮೀಟರ್ ಪ್ರದೇಶವನ್ನು ಸಾಗರ ರಾಷ್ಟ್ರೀಯ ಉದ್ಯಾನವೆಂದು ಗೊತ್ತುಪಡಿಸಲಾಯಿತು. 1989ರಲ್ಲಿ ಅದನ್ನು ಒಳಗೊಂಡ 10,500 ಚದರ ಕಿಲೋಮೀಟರ್ ವಿಸ್ತಾರ ಜೀವಗೋಳ ಮೀಸಲು ಪ್ರದೇಶವಾಯಿತು. 2001ರಲ್ಲಿ ಯುನೆಸ್ಕೋ ತನ್ನ ಜಾಗತಿಕ ಜಾಲಕ್ಕೆ ಅದನ್ನು ಸೇರಿಸಿಕೊಂಡಿತು.

ಈ ಎರಡು ಗೆರೆಗಳ ನಡುವಿನ ವ್ಯತ್ಯಾಸವನ್ನು ಗಮನಿಸಬೇಕು. ಒಳಗಿನ ಗೆರೆ ಉದ್ಯಾನದ್ದು. ಅಲ್ಲಿ ಅನುಮತಿಯಿಲ್ಲದೆ ಏನನ್ನೂ ತೆಗೆಯುವಂತಿಲ್ಲ. ಹೊರಗಿನ ಗೆರೆ ಜೀವಗೋಳ ಮೀಸಲಿನದು. ಅಲ್ಲಿ ಜನಜೀವನ ಮುಂದುವರಿಯಬೇಕು, ಆದರೆ ನಿಸರ್ಗಕ್ಕೆ ಭಾರವಾಗದ ರೀತಿಯಲ್ಲಿ. ರಾಮನಾಥಪುರ ಮತ್ತು ತೂತುಕುಡಿ ಜಿಲ್ಲೆಗಳ ನೂರಕ್ಕೂ ಹೆಚ್ಚು ಮೀನುಗಾರರ ಹಳ್ಳಿಗಳು ಈ ಹೊರಗೆರೆಯ ಒಳಗೆ, ಒಳಗೆರೆಯ ಅಂಚಿನಲ್ಲಿ ಕುಳಿತಿವೆ. ಹಳ್ಳಿ ಒಂದು ಗೆರೆಯಲ್ಲಿದ್ದರೆ ಅನ್ನ ಇನ್ನೊಂದು ಗೆರೆಯ ಆಚೆ ಇದೆ. ಇಲ್ಲಿನ ಎಲ್ಲ ಅನುದಾನಗಳ ಹಿಂದೆಯೂ ಇರುವ ಸಮಸ್ಯೆ ಇದೇ.

ಕಳೆದುಕೊಂಡವರು ಯಾರು?

ಕೊಲ್ಲಿಗೆ ರಕ್ಷಣೆ ಬೇಕಿತ್ತು ಎಂಬುದರಲ್ಲಿ ಸಂದೇಹವಿಲ್ಲ. ದಶಕಗಳ ಕಾಲ ಹವಳದ ಬಂಡೆಗಳನ್ನು ಒಡೆದು ಸುಣ್ಣಕ್ಕೂ ಕಟ್ಟಡಕ್ಕೂ ಸಾಗಿಸಲಾಗಿತ್ತು. ಅಲೆಯನ್ನು ತಡೆಯುತ್ತಿದ್ದ ಹವಳ ಹೋದ ಮೇಲೆ ದ್ವೀಪದ ಮರಳು ಕೊಚ್ಚಿಹೋಗುವುದು ಸಹಜ. ಪೂವರಸನ್‌ಪಟ್ಟಿ ಮತ್ತು ವಿಲಾಂಗುಚಲ್ಲಿ ಎಂಬ ಎರಡು ದ್ವೀಪಗಳು ನೀರಿನಲ್ಲಿ ಮುಳುಗಿದವು. ಇಪ್ಪತ್ತೊಂದರಲ್ಲಿ ಈಗ ಕಾಣಸಿಗುವುದು ಹತ್ತೊಂಬತ್ತು. 2001ರಲ್ಲಿ ಕೇಂದ್ರ ಸರ್ಕಾರ ಹವಳ, ಕಡಲಸೌತೆ, ಕಡಲಕುದುರೆ ಮುಂತಾದವುಗಳನ್ನು ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಿತು. ಹುಲಿಗೆ ಇರುವ ರಕ್ಷಣೆಯೇ ಕಡಲಸೌತೆಗೂ ದೊರೆಯಿತು. ಅದನ್ನು ಹಿಡಿದು, ಬೇಯಿಸಿ, ಒಣಗಿಸಿ ಮಾರುತ್ತಿದ್ದ ಕುಟುಂಬಗಳ ಕಸುಬು ಒಂದು ಅಧಿಸೂಚನೆಯೊಡನೆ ಅಪರಾಧವಾಯಿತು.

ಆರಂಭದ ವರ್ಷಗಳಲ್ಲಿ ಉದ್ಯಾನದ ಗೆರೆ ಬಹುಮಟ್ಟಿಗೆ ಕಾಗದದ ಮೇಲೆಯೇ ಉಳಿದಿತ್ತು. ಹೊಸ ಶತಮಾನದಲ್ಲಿ ಕಾವಲು ಬಿಗಿಯಾಯಿತು. ಇದರ ಹೊಡೆತ ಎಲ್ಲರಿಗೂ ಒಂದೇ ರೀತಿಯಲ್ಲಿ ತಟ್ಟಲಿಲ್ಲ. ಯಂತ್ರದೋಣಿ ಇರುವವರು ಆಳದ ನೀರಿಗೆ ಹೋಗಬಲ್ಲರು. ದ್ವೀಪದ ಸುತ್ತಲಿನ ಮೊಳಕಾಲು, ಎದೆಮಟ್ಟದ ನೀರನ್ನೇ ನಂಬಿದ್ದವರು ಪಾಚಿ ಕೀಳುವ ಹೆಂಗಸರು ಮತ್ತು ಸಣ್ಣ ನಾಡದೋಣಿಯವರು. ಬಲೆ ಎಳೆಯುವ ಗಂಡಸಿಗೆ ಸರ್ಕಾರದ ದಾಖಲೆಯಲ್ಲಿ ಮೀನುಗಾರ ಎಂಬ ಹೆಸರಾದರೂ ಇತ್ತು. ಪಾಚಿ ಕೀಳುವ ಹೆಂಗಸಿಗೆ ಬಹುಕಾಲ ಅಂಥ ಹೆಸರೂ ಇರಲಿಲ್ಲ. ಕಡಲಿಗೆ ಅತಿ ಕಡಿಮೆ ಹಾನಿ ಮಾಡುವವರೇ ಗೆರೆಯಿಂದ ಅತಿ ಹೆಚ್ಚು ಕಳೆದುಕೊಂಡರು.

ಹಣ ಬಂದ ಬಗೆ

ಜಾಗತಿಕ ಪರಿಸರ ನಿಧಿ ಎಂಬ ಅಂತರರಾಷ್ಟ್ರೀಯ ವ್ಯವಸ್ಥೆ 1991ರಲ್ಲಿ ಆರಂಭವಾದದ್ದು. ಒಂದು ದೇಶ ತನ್ನ ಹಿತಕ್ಕಾಗಿ ಮಾಡಲೇಬೇಕಾದ ಕೆಲಸಕ್ಕೆ ಅದು ಹಣ ಕೊಡುವುದಿಲ್ಲ. ಇಡೀ ಜಗತ್ತಿಗೆ ಪ್ರಯೋಜನವಾಗುವ ಸಂರಕ್ಷಣೆಗಾಗಿ ಆ ದೇಶಕ್ಕೆ ಬೀಳುವ ಹೆಚ್ಚುವರಿ ಖರ್ಚನ್ನು ಮಾತ್ರ ತುಂಬಿಕೊಡುತ್ತದೆ. ಉಳಿದ ಪಾಲು ಸರ್ಕಾರದ್ದು. ಮನ್ನಾರ್ ಕೊಲ್ಲಿಯ ಹವಳ, ಕಡಲಹುಲ್ಲುಗಳ ಮಹತ್ವ ಜಾಗತಿಕವಾದದ್ದು ಎಂಬ ಆಧಾರದ ಮೇಲೆ 70 ಲಕ್ಷ ಡಾಲರ್‌ಗೂ ಮಿಕ್ಕಿದ ಅನುದಾನ ಮಂಜೂರಾಯಿತು. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಅದರ ಉಸ್ತುವಾರಿ ವಹಿಸಿತು. 2002ರಲ್ಲಿ ಆರಂಭಗೊಂಡ ಯೋಜನೆ 2012ರವರೆಗೆ ನಡೆಯಿತು.

ಅನುಷ್ಠಾನಕ್ಕಾಗಿ ತಮಿಳುನಾಡು ಸರ್ಕಾರ ಮನ್ನಾರ್ ಕೊಲ್ಲಿ ಜೀವಗೋಳ ಮೀಸಲು ಟ್ರಸ್ಟ್ ಎಂಬ ಪ್ರತ್ಯೇಕ ಸಂಸ್ಥೆಯನ್ನು ರಾಮನಾಥಪುರದಲ್ಲಿ ಸ್ಥಾಪಿಸಿತು. ಅರಣ್ಯ, ಮೀನುಗಾರಿಕೆ, ಗ್ರಾಮೀಣಾಭಿವೃದ್ಧಿ, ಬಂದರು, ಕರಾವಳಿ ಕಾವಲು ಹೀಗೆ ಒಂದೇ ನೀರಿನ ಮೇಲೆ ಹಲವು ಇಲಾಖೆಗಳ ಹಕ್ಕು ಇರುವ ಕಡೆ ಎಲ್ಲರನ್ನೂ ಒಂದು ಮೇಜಿನ ಸುತ್ತ ಕೂರಿಸುವ ಸಂಸ್ಥೆಯೊಂದು ಬೇಕು ಎಂಬುದು ಇದರ ಹಿಂದಿನ ಆಲೋಚನೆ. ಯೋಜನೆ ಮುಗಿದ ಮೇಲೂ ಟ್ರಸ್ಟ್ ಉಳಿಯಬೇಕು ಎಂಬುದು ಎರಡನೆಯ ಉದ್ದೇಶ. ಸಾಮಾನ್ಯವಾಗಿ ವಿದೇಶಿ ನೆರವಿನ ಯೋಜನೆಗಳಲ್ಲಿ ಹಣ ಮುಗಿದ ಮರುದಿನ ಕಚೇರಿಗೆ ಬೀಗ ಬೀಳುತ್ತದೆ.

ಹಳ್ಳಿಯ ಮಟ್ಟದಲ್ಲಿ ಸಾಗರ ಸಂರಕ್ಷಣೆ ಮತ್ತು ಪರಿಸರ ಅಭಿವೃದ್ಧಿ ಸಮಿತಿಗಳನ್ನು ರಚಿಸಲಾಯಿತು. ಇಂಥ ಸಮಿತಿಗಳ ಸಂಖ್ಯೆ ಇನ್ನೂರನ್ನು ದಾಟಿತು. ಸಮಿತಿಯ ಅಡಿಯಲ್ಲಿ ಸ್ವಸಹಾಯ ಸಂಘಗಳು. ಸಂಘಗಳಲ್ಲಿ ಹೆಚ್ಚಿನವರು ಹೆಂಗಸರು. ಹೊಲಿಗೆ, ಒಣಮೀನಿನ ವ್ಯಾಪಾರ, ಆಡು ಸಾಕಣೆ, ತಾಳೆಗರಿಯ ಹೆಣಿಗೆ, ಸಣ್ಣ ಅಂಗಡಿ ಮುಂತಾದ ಕಸುಬುಗಳಿಗೆ ಸಾಲ, ಯುವಕರಿಗೆ ವೃತ್ತಿ ತರಬೇತಿ, ಶಾಲೆಗಳಲ್ಲಿ ಪರಿಸರ ಪಾಠ ಇವೆಲ್ಲ ಯೋಜನೆಯ ಭಾಗಗಳಾದವು.

ಆವರ್ತ ನಿಧಿಯ ಲೆಕ್ಕಾಚಾರ

ಈ ಯೋಜನೆಯ ಅತ್ಯಂತ ಉಪಯುಕ್ತ ಅಂಶ ಕಟ್ಟಡವೂ ಅಲ್ಲ, ಕಾವಲು ದೋಣಿಯೂ ಅಲ್ಲ. ಅದು ಹಳ್ಳಿಯ ಸಮಿತಿಗೆ ಕೊಟ್ಟ ಆವರ್ತ ನಿಧಿ. ಅದರ ಕ್ರಮ ಸರಳವಾದದ್ದು. ಸಮಿತಿಯ ಖಾತೆಗೆ ಒಂದು ಮೊತ್ತವನ್ನು ಒಮ್ಮೆ ಮಾತ್ರ ಜಮಾ ಮಾಡಲಾಗುತ್ತದೆ. ಸಮಿತಿ ಅದನ್ನು ಕಡಿಮೆ ಬಡ್ಡಿಗೆ ಸಂಘಗಳಿಗೆ ಕೊಡುತ್ತದೆ. ಮರಳಿ ಬಂದ ಹಣ ಸರ್ಕಾರದ ಬೊಕ್ಕಸಕ್ಕೆ ಹೋಗದೆ ಅದೇ ಖಾತೆಯಲ್ಲಿ ಉಳಿದು ಮುಂದಿನ ಸಾಲಗಾರ್ತಿಯ ಕೈ ಸೇರುತ್ತದೆ.

ಉದಾಹರಣೆಗೆ, ಒಂದು ಹಳ್ಳಿಗೆ ಒಂದು ಲಕ್ಷ ರೂಪಾಯಿ ಬಂದಿದೆ ಎಂದುಕೊಳ್ಳೋಣ. ಅದನ್ನು ಹತ್ತು ಮಂದಿಗೆ ನೇರವಾಗಿ ಹಂಚಿಬಿಟ್ಟರೆ ಕಥೆ ಅಲ್ಲಿಗೆ ಮುಗಿಯಿತು. ಹನ್ನೊಂದನೆಯವರಿಗೆ ಏನೂ ಇಲ್ಲ. ಅದೇ ಹಣವನ್ನು ವರ್ಷದ ಅವಧಿಯ ಸಾಲವಾಗಿ ಕೊಟ್ಟು ಪೂರ್ತಿ ವಸೂಲಾದರೆ ಹತ್ತು ವರ್ಷಗಳಲ್ಲಿ ನೂರು ಸಾಲಗಳಾಗುತ್ತವೆ. ಮೂಲ ಹಣ ಹಾಗೆಯೇ ಇರುತ್ತದೆ. ಮೀನುಗಾರರ ಹಳ್ಳಿಯಲ್ಲಿ ಇದಕ್ಕೆ ಇನ್ನೊಂದು ಅರ್ಥವೂ ಇದೆ. ಅಲ್ಲಿನ ಬಹುತೇಕ ಸಾಲ ವ್ಯಾಪಾರಿಯದು. ಸಾಲ ಕೊಟ್ಟ ವ್ಯಾಪಾರಿಗೇ ಮೀನನ್ನೂ ಪಾಚಿಯನ್ನೂ ಮಾರಬೇಕು. ಬೆಲೆ ಅವನು ಹೇಳಿದ್ದು. ಸಾಲ ತೀರಿಸಲು ಹೆಚ್ಚು ಹಿಡಿಯಬೇಕು, ಹೆಚ್ಚು ಕೀಳಬೇಕು. ಸಮಿತಿಯ ಅಗ್ಗದ ಸಾಲ ಈ ಸರಪಣಿಯ ಒಂದು ಕೊಂಡಿಯನ್ನಾದರೂ ಸಡಿಲಿಸುತ್ತದೆ. ಕಡಲಿನ ಮೇಲಿನ ಒತ್ತಡ ತಗ್ಗಬೇಕಾದರೆ ಮೊದಲು ಸಾಲದ ಒತ್ತಡ ತಗ್ಗಬೇಕು.

ಆದರೆ ಆವರ್ತ ನಿಧಿ ತಾನಾಗಿ ಸುತ್ತುವುದಿಲ್ಲ. ಲೆಕ್ಕ ಬರೆಯುವವರು, ಸಭೆ ಕರೆಯುವವರು, ಬಾಕಿ ಕೇಳುವವರು ಬೇಕು. ಯೋಜನೆಯ ಕ್ಷೇತ್ರ ಸಿಬ್ಬಂದಿ ಇದ್ದಷ್ಟು ಕಾಲ ಈ ಕೆಲಸ ನಡೆಯುತ್ತದೆ. ಅವರು ಹೋದ ಮೇಲೆ ಸಮಿತಿಯ ಒಳಗಿನ ನಂಬಿಕೆಯೊಂದೇ ಆಧಾರ. ಅನುದಾನ ನೀಡುವ ಸಂಸ್ಥೆಗಳು ಕಟ್ಟಡಕ್ಕೆ, ಸಲಕರಣೆಗೆ ಧಾರಾಳವಾಗಿ ಕೊಡುತ್ತವೆ. ಹಳ್ಳಿಯ ಲೆಕ್ಕ ಬರೆಯುವ ಹುಡುಗಿಯ ಸಂಬಳಕ್ಕೆ ಕೊಡಲು ಹಿಂಜರಿಯುತ್ತವೆ. ನಿಧಿ ಬತ್ತುವುದು ಸಾಮಾನ್ಯವಾಗಿ ಇಲ್ಲಿಂದಲೇ.

ಇನ್ನೊಂದು ಮಿತಿಯೂ ಇದೆ. ಹೊಲಿಗೆ ಯಂತ್ರ ಕೊಂಡ ಮನೆಯವರು ಕಡಲಿಗೆ ಹೋಗುವುದನ್ನು ಬಿಡುತ್ತಾರೆಂಬ ಖಾತರಿ ಇಲ್ಲ. ಬಡ ಕುಟುಂಬಕ್ಕೆ ಎರಡನೆಯ ಆದಾಯ ಬಂದರೆ ಅದು ಮೊದಲನೆಯದರ ಜೊತೆ ಸೇರುತ್ತದೆ, ಅದನ್ನು ತಳ್ಳಿಹಾಕುವುದಿಲ್ಲ. ಇದು ಜನರ ತಪ್ಪಲ್ಲ. ಪರ್ಯಾಯ ಕಸುಬು ಎಂಬ ಪದವನ್ನು ಕಚೇರಿಯಲ್ಲಿ ಬರೆಯುವಾಗ ಇರುವ ಅರ್ಥ ಬೇರೆ, ಅಡುಗೆಮನೆಯಲ್ಲಿ ಅದರ ಅರ್ಥ ಬೇರೆ.

ತೆಪ್ಪದ ಮೇಲಿನ ಬೆಳೆ

ಕೀಳುವ ಬದಲು ಬೆಳೆಯಲಿ ಎಂಬುದು ಇನ್ನೊಂದು ದಾರಿಯಾಗಿತ್ತು. ಕೇಂದ್ರೀಯ ಉಪ್ಪು ಮತ್ತು ಸಾಗರ ರಾಸಾಯನಿಕ ಸಂಶೋಧನಾ ಸಂಸ್ಥೆ ಕಪ್ಪಾಫೈಕಸ್ ಅಲ್ವರೆಝಿ ಎಂಬ ವಿದೇಶಿ ಪಾಚಿಯನ್ನು ಭಾರತಕ್ಕೆ ತಂದಿತ್ತು. ಮೂಲತಃ ಫಿಲಿಪ್ಪೀನ್ಸ್ ಕಡೆಯ ಈ ಪಾಚಿಯಿಂದ ಕ್ಯಾರಗೀನನ್ ಎಂಬ ಅಂಟು ಪದಾರ್ಥ ದೊರೆಯುತ್ತದೆ. ಐಸ್‌ಕ್ರೀಮಿನಿಂದ ಟೂತ್‌ಪೇಸ್ಟಿನವರೆಗೆ ಅದಕ್ಕೆ ಬೇಡಿಕೆ. 1990ರ ದಶಕದಲ್ಲಿ ಮಂಡಪಂ ಕರಾವಳಿಯಲ್ಲಿ ಪ್ರಯೋಗಗಳು ನಡೆದವು. 2000ದ ಬಳಿಕ ಪೆಪ್ಸಿಕೋ ಕಂಪನಿ ಒಪ್ಪಂದ ಕೃಷಿಗೆ ಮುಂದಾಯಿತು. 2008ರಲ್ಲಿ ಆ ವ್ಯವಹಾರ ಅಕ್ವಾಗ್ರಿ ಎಂಬ ಕಂಪನಿಯ ಕೈಸೇರಿತು.

ಬಿದಿರಿನ ತೆಪ್ಪ, ಅದಕ್ಕೆ ಅಡ್ಡಡ್ಡ ಹಗ್ಗ, ಹಗ್ಗದಲ್ಲಿ ಪಾಚಿಯ ತುಂಡುಗಳು. ಸುಮಾರು 45 ದಿನಗಳಲ್ಲಿ ಸುಗ್ಗಿ. ಸ್ವಸಹಾಯ ಸಂಘಗಳಿಗೆ ಬ್ಯಾಂಕ್ ಸಾಲ ಮತ್ತು ಸರ್ಕಾರದ ಸಹಾಯಧನ ದೊರೆತವು. ನೂರಾರು ಹೆಂಗಸರು ತೆಪ್ಪದ ಒಡತಿಯರಾದರು. ಮುಳುಗಬೇಕಿಲ್ಲ, ದಂಡದ ಭಯವಿಲ್ಲ, ಖರೀದಿಗೆ ಕಂಪನಿ ಇದೆ. ಅನುದಾನದ ಭಾಷೆಯಲ್ಲಿ ಇದಕ್ಕಿಂತ ಉತ್ತಮ ಯೋಜನೆ ಇರಲಾರದು.

ಎರಡು ಕಡೆಗಳಿಂದ ಸಮಸ್ಯೆ ಬಂದಿತು. ಮೊದಲನೆಯದು ಹವಳದ ಕಡೆಯಿಂದ. ಕುರುಸಡೈ ದ್ವೀಪದ ಬಳಿ ಈ ಪಾಚಿ ತೆಪ್ಪದಿಂದ ತಪ್ಪಿಸಿಕೊಂಡು ಜೀವಂತ ಹವಳದ ಮೇಲೆ ಚಾಪೆಯಂತೆ ಹಬ್ಬಿದೆ ಎಂದು ವಿಜ್ಞಾನಿಗಳು 2008ರಲ್ಲಿ ವರದಿ ಮಾಡಿದರು. ಬೆಳಕು ತಲುಪದ ಹವಳ ಸಾಯುತ್ತದೆ. ಅರಣ್ಯ ಇಲಾಖೆ ಕೈಯಿಂದ ಕಿತ್ತು ತೆಗೆಸಿದರೂ ಉಳಿದ ಚೂರುಗಳಿಂದ ಪಾಚಿ ಮತ್ತೆ ಚಿಗುರಿತು. ನಂತರದ ವರ್ಷಗಳಲ್ಲಿ ನೆರೆಯ ದ್ವೀಪಗಳಲ್ಲೂ ಅದು ಕಾಣಿಸಿಕೊಂಡಿತು. ಕೃಷಿಯ ಪರ ಇರುವವರು ಈ ಹರಡುವಿಕೆಯ ಪ್ರಮಾಣ ಸಣ್ಣದು ಎನ್ನುತ್ತಾರೆ. ಹವಳದ ಅಧ್ಯಯನಕಾರರು ರಾಷ್ಟ್ರೀಯ ಉದ್ಯಾನದೊಳಗೆ ಸಣ್ಣ ಪ್ರಮಾಣವೂ ದೊಡ್ಡದೇ ಎನ್ನುತ್ತಾರೆ. ವಾದ ಇನ್ನೂ ಮುಗಿದಿಲ್ಲ.

ಎರಡನೆಯ ಹೊಡೆತ ಬಿದ್ದದ್ದು ಬೆಳೆಗೇ. 2013ರ ಬಳಿಕ ನೀರಿನ ತಾಪ ಏರಿ ಬೆಳೆ ವ್ಯಾಪಕವಾಗಿ ನಾಶವಾಯಿತು. ಅಲ್ಲಿಯವರೆಗೆ ಏರುತ್ತಿದ್ದ ಉತ್ಪಾದನೆ ಕುಸಿಯಿತು. ಒಂದೇ ತಳಿಯ ತುಂಡುಗಳಿಂದಲೇ ವರ್ಷಗಟ್ಟಲೆ ಬೆಳೆ ತೆಗೆದದ್ದರಿಂದ ಸಸಿಯ ಶಕ್ತಿಯೂ ಕುಂದಿತ್ತು. ತೆಪ್ಪದ ಮೇಲಿನ ಸಾಲ ಮಾತ್ರ ಬಿಸಿಲಿಗೆ ಕರಗಲಿಲ್ಲ.

ಆದರೂ ಪಾಚಿ ಕೃಷಿಯ ಮೇಲಿನ ಭರವಸೆ ಕುಂದಿಲ್ಲ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಪಾಚಿ ಕೃಷಿಗೆ 640 ಕೋಟಿ ರೂಪಾಯಿ ಎತ್ತಿಡಲಾಯಿತು. ಮಹಿಳೆಯರಿಗೆ ಘಟಕ ವೆಚ್ಚದ ಶೇ. 60ರಷ್ಟು ಸಹಾಯಧನ ಎಂಬುದು ಅದರ ನಿಯಮ. ರಾಮನಾಥಪುರ ಜಿಲ್ಲೆಯ ವಲಮಾವೂರಿನಲ್ಲಿ 127 ಕೋಟಿ ರೂಪಾಯಿಗೂ ಮಿಕ್ಕಿದ ವೆಚ್ಚದ ಪಾಚಿ ಉದ್ಯಾನಕ್ಕೆ 2023ರಲ್ಲಿ ಶಂಕುಸ್ಥಾಪನೆಯಾಯಿತು. ಯಾವ ಪಾಚಿ, ಯಾವ ನೀರಿನಲ್ಲಿ, ನಷ್ಟವಾದರೆ ಹೊಣೆ ಯಾರದು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆಯದೆ ಸಹಾಯಧನದ ಪ್ರಮಾಣ ಮಾತ್ರ ಏರಿದರೆ ಹಿಂದಿನ ಕಥೆಯೇ ಮರುಕಳಿಸಬಹುದು.

ಹನ್ನೆರಡು ದಿನಗಳ ಕಟ್ಟಳೆ

ಇದೇ ಕೊಲ್ಲಿಯಲ್ಲಿ ಹೆಚ್ಚಿನ ಹಣವಿಲ್ಲದೆ ನಡೆದ ಇನ್ನೊಂದು ಪ್ರಯೋಗವಿದೆ. ಪಾಂಬನ್ ದ್ವೀಪದ ಚಿನ್ನಪಾಲಂ ಹಾಗೂ ಸುತ್ತಲಿನ ಹಳ್ಳಿಗಳ ಪಾಚಿ ಕೀಳುವ ಹೆಂಗಸರು ಸಂಘ ಕಟ್ಟಿಕೊಂಡರು. ದಂಡ, ಸಲಕರಣೆಗಳ ಜಪ್ತಿ, ಗಸ್ತು ಸಿಬ್ಬಂದಿಯೊಡನೆ ಜಗಳ ಇವುಗಳ ನಡುವೆಯೇ ಅವರು ಅರಣ್ಯ ಇಲಾಖೆಯೊಡನೆ ಮಾತುಕತೆಗೆ ಕುಳಿತರು. ತಾವೇ ಒಂದು ಕಟ್ಟಳೆಯನ್ನು ಮುಂದಿಟ್ಟರು. ತಿಂಗಳಲ್ಲಿ ಹನ್ನೆರಡು ದಿನ ಮಾತ್ರ ಪಾಚಿ ಕೀಳುವುದು. ಪಾಚಿ ಚಿಗುರುವ ಕಾಲದಲ್ಲಿ 45 ದಿನ ಪೂರ್ತಿ ಬಿಡುವು. ಲೋಹದ ಸಲಕರಣೆಗಳಿಂದ ಹೆರೆಯದೆ ಕೈಯಿಂದಲೇ ಕೀಳುವುದು, ಬುಡವನ್ನು ಬಿಡುವುದು. ಇದಕ್ಕೆ ಪ್ರತಿಯಾಗಿ ತಮ್ಮ ಕಸುಬಿಗೆ ಮನ್ನಣೆ ಬೇಕು.

ಬುಡ ಬಿಟ್ಟರೆ ಪಾಚಿ ಮತ್ತೆ ಬೆಳೆಯುತ್ತದೆ. ಬಂಡೆ ಹೆರೆದರೆ ಪಾಚಿಯೂ ಹೋಗುತ್ತದೆ, ಹವಳಕ್ಕೂ ಗಾಯವಾಗುತ್ತದೆ. ಇದನ್ನು ತಿಳಿಯಲು ಅವರಿಗೆ ತರಬೇತಿ ಶಿಬಿರ ಬೇಕಿರಲಿಲ್ಲ. ಬೇಕಿದ್ದದ್ದು ತಾವು ಮಾಡಿದ ನಿಯಮಕ್ಕೆ ಬೆಲೆ ಸಿಗುತ್ತದೆ ಎಂಬ ಖಾತರಿ. ಟ್ರಸ್ಟಿನ ನೆರವಿನಿಂದ ಪಾಚಿ ಕೀಳುವವರಿಗೆ ಬೆರಳಚ್ಚು ಆಧಾರಿತ ಗುರುತಿನ ಚೀಟಿಗಳು ದೊರೆತವು. ನಾಲ್ಕು ಅಂಗುಲದ ಆ ಚೀಟಿ ಹೆಂಗಸರ ಪಾಲಿಗೆ ಮಹತ್ವದ ದಾಖಲೆ. ಮೊದಲ ಬಾರಿಗೆ ಸರ್ಕಾರಿ ಕಾಗದವೊಂದು ಅವರನ್ನು ಕಳ್ಳರೆನ್ನದೆ ಕಸುಬಿನವರೆಂದು ಕರೆಯಿತು. ಈ ಹೋರಾಟದ ಮುಂದಾಳು ಲಕ್ಷ್ಮೀ ಮೂರ್ತಿ ಅವರಿಗೆ ಅಮೆರಿಕದ ಸೀಕಾಲಜಿ ಸಂಸ್ಥೆ 2015ರಲ್ಲಿ ತನ್ನ ವಾರ್ಷಿಕ ಪ್ರಶಸ್ತಿ ನೀಡಿತು. ದ್ವೀಪಗಳ ಪರಿಸರ ಮತ್ತು ಸಂಸ್ಕೃತಿಯನ್ನು ಕಾಪಾಡುವವರಿಗೆ ಸಲ್ಲುವ ಗೌರವ ಅದು.

ಗುರುತಿನ ಚೀಟಿ ಹಕ್ಕುಪತ್ರವಲ್ಲ ಎಂಬುದನ್ನೂ ಮರೆಯುವಂತಿಲ್ಲ. ಉದ್ಯಾನದ ಕಾನೂನು ಬದಲಾಗಿಲ್ಲ. ಅಧಿಕಾರಿ ಬದಲಾದರೆ ತಿಳಿವಳಿಕೆಯೂ ಬದಲಾಗಬಹುದು. ಕಾಡಿನ ನಿವಾಸಿಗಳಿಗೆ 2006ರ ಅರಣ್ಯ ಹಕ್ಕು ಕಾಯ್ದೆಯಿಂದ ದೊರೆತಂಥ ಕಾನೂನಿನ ನೆಲೆ ಕಡಲ ಜನರಿಗೆ ಇನ್ನೂ ದೂರ. ಅವರ ಕಟ್ಟಳೆ ನಿಂತಿರುವುದು ಪರಸ್ಪರ ವಿಶ್ವಾಸದ ಮೇಲೆ.

ದ್ವೀಪವನ್ನು ಉಳಿಸುವ ಖರ್ಚು

ಕಸುಬಿನ ಅನುದಾನದ ಜೊತೆಗೆ ನಿಸರ್ಗವನ್ನೇ ದುರಸ್ತಿ ಮಾಡುವ ಅನುದಾನವೂ ಇದೆ. ತೂತುಕುಡಿ ಗುಂಪಿನ ವಾನ್ ದ್ವೀಪ ಸವೆಯುತ್ತ ಸವೆಯುತ್ತ 2015ರ ವೇಳೆಗೆ ಎರಡು ಹೆಕ್ಟೇರಿಗೂ ಕಡಿಮೆಯಾಗಿತ್ತು. ಹವಾಮಾನ ಬದಲಾವಣೆಯ ರಾಷ್ಟ್ರೀಯ ಹೊಂದಾಣಿಕೆ ನಿಧಿಯಿಂದ ಮನ್ನಾರ್ ಕೊಲ್ಲಿಗೆ 24.74 ಕೋಟಿ ರೂಪಾಯಿ ಮಂಜೂರಾಯಿತು. ತೂತುಕುಡಿಯ ಸುಗಂತಿ ದೇವದಾಸನ್ ಸಾಗರ ಸಂಶೋಧನಾ ಸಂಸ್ಥೆಯ ಮಾರ್ಗದರ್ಶನದಲ್ಲಿ ದ್ವೀಪದ ಕಡಲ ಬದಿಗೆ ಕೃತಕ ದಿಬ್ಬಗಳನ್ನು ಇಳಿಸಲಾಯಿತು. ಅಲೆಯ ಬಲ ಕುಗ್ಗಿತು, ಮರಳು ನಿಲ್ಲತೊಡಗಿತು, ದ್ವೀಪ ಸ್ವಲ್ಪಮಟ್ಟಿಗೆ ಹಿಗ್ಗಿತು. ದಿಬ್ಬಗಳ ಮೇಲೆ ಮೀನುಗಳು ಸೇರಿದವು. ಕಡಲಹುಲ್ಲನ್ನೂ ಹವಳವನ್ನೂ ನೆಡುವ ಕೆಲಸ ನಡೆಯಿತು.

ಇದು ಕಡಿಮೆ ಸಾಧನೆಯಲ್ಲ. ಆದರೆ 2010, 2016 ಮತ್ತು 2024ರ ಬೇಸಿಗೆಗಳಲ್ಲಿ ನೀರು ಬಿಸಿಯಾಗಿ ಹವಳಗಳು ಬಿಳಿಚಿಕೊಂಡಾಗ ಯಾವ ಸ್ಥಳೀಯ ಅನುದಾನವೂ ಅದನ್ನು ತಡೆಯಲಾಗಲಿಲ್ಲ. ಹಳ್ಳಿಯವರು ಎಷ್ಟೇ ಶಿಸ್ತಿನಿಂದ ನಡೆದರೂ ತಾಪದ ಮೂಲ ಅವರ ಕೈಯಲ್ಲಿಲ್ಲ. ಬೇರೆಯವರು ಮಾಡಿದ ಹಾನಿಯ ಬಿಲ್ಲು ತಮ್ಮ ಮುಂದೆ ಬಂದಿದೆ ಎಂದು ಅವರು ಭಾವಿಸಿದರೆ ಅದರಲ್ಲಿ ನ್ಯಾಯವಿದೆ.

ಉತ್ತರದ ಪಾಕ್ ಕೊಲ್ಲಿಯಲ್ಲೂ ಹಣದ ಬಗೆಬಗೆಯ ಪ್ರಯೋಗಗಳು ನಡೆದಿವೆ. 2022ರಲ್ಲಿ ತಂಜಾವೂರು, ಪುದುಕ್ಕೋಟೈ ಜಿಲ್ಲೆಗಳ ಕಡಲಲ್ಲಿ 448 ಚದರ ಕಿಲೋಮೀಟರ್ ವಿಸ್ತಾರದ ಕಡಲಹಸು ಸಂರಕ್ಷಣಾ ಮೀಸಲು ಘೋಷಣೆಯಾಯಿತು. ಬಲೆಗೆ ಸಿಕ್ಕ ಕಡಲಹಸುವನ್ನು ಜೀವಂತವಾಗಿ ಬಿಟ್ಟ ಮೀನುಗಾರರನ್ನು ಅರಣ್ಯ ಇಲಾಖೆ ನಗದು ನೀಡಿ ಗೌರವಿಸುತ್ತದೆ. ಮೊತ್ತ ಸಣ್ಣದು, ಆದರೆ ಹರಿದ ಬಲೆಯ ನಷ್ಟಕ್ಕೆ ಅಲ್ಪ ಪರಿಹಾರವೂ ಊರಿನೆದುರು ಮರ್ಯಾದೆಯೂ ದೊರೆಯುತ್ತದೆ. ಕಾರಂಕಾಡು ಎಂಬ ಹಳ್ಳಿಯಲ್ಲಿ ಕಾಂಡ್ಲಾ ಕಾಡಿನೊಳಗೆ ದೋಣಿಯಲ್ಲಿ ಪ್ರವಾಸಿಗರನ್ನು ಕರೆದೊಯ್ಯುವ ಕೆಲಸ ಊರಿನವರದೇ. ಕಾಡು ಉಳಿದರೆ ಮಾತ್ರ ದೋಣಿಗೆ ಗಿರಾಕಿ ಎಂಬ ಲೆಕ್ಕ ಅಲ್ಲಿ ಯಾರಿಗೂ ವಿವರಿಸಬೇಕಿಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಅಲ್ಲಿಯೇ ಇದೆ. ಟ್ರಾಲರ್‌ಗಳನ್ನು ಬಿಟ್ಟು ಆಳಸಮುದ್ರದ ದೋಣಿಗಳಿಗೆ ಹೋಗಲಿ ಎಂದು 2017ರಲ್ಲಿ ದೊಡ್ಡ ಯೋಜನೆಯೊಂದು ಆರಂಭವಾಯಿತು. ದೋಣಿಯೊಂದಕ್ಕೆ 80 ಲಕ್ಷ ರೂಪಾಯಿ. ಅರ್ಧ ಕೇಂದ್ರದ್ದು, ಶೇ. 20 ರಾಜ್ಯದ್ದು, ಶೇ. 20 ಬ್ಯಾಂಕ್ ಸಾಲ, ಶೇ. 10 ಮೀನುಗಾರನದು. ಗುರಿ 2,000 ದೋಣಿಗಳು. ವರ್ಷಗಳು ಕಳೆದರೂ ನೀರಿಗಿಳಿದದ್ದು ಆ ಗುರಿಯ ಅತ್ಯಲ್ಪ ಭಾಗ. ದೋಣಿ ನಡೆಸುವ ಖರ್ಚು, ಸಾಲದ ಭಾರ, ದಿನಗಟ್ಟಲೆ ಆಳಸಮುದ್ರದಲ್ಲಿರುವ ಅಭ್ಯಾಸವಿಲ್ಲದಿರುವುದು ಇವನ್ನು ಯೋಜನೆ ಮೊದಲೇ ಎಣಿಸಬೇಕಿತ್ತು. ಶೇ. 70ರಷ್ಟು ಉಚಿತ ಹಣವೂ ಜನರ ಲೆಕ್ಕಾಚಾರಕ್ಕೆ ಹೊಂದದಿದ್ದರೆ ಕೆಲಸ ಮಾಡುವುದಿಲ್ಲ.

ಕರ್ನಾಟಕದ ಮುಂದಿರುವ ಪಾಠ

ಉತ್ತರ ಕನ್ನಡದ ಅಘನಾಶಿನಿ ನದೀಮುಖವನ್ನು 2024ರಲ್ಲಿ ರಾಮ್ಸರ್ ಜೌಗು ಪ್ರದೇಶಗಳ ಪಟ್ಟಿಗೆ ಸೇರಿಸಲಾಯಿತು. 4,801 ಹೆಕ್ಟೇರ್ ವಿಸ್ತಾರದ ಈ ನೀರು ಬಳಚು ಆರಿಸುವವರು, ಮೀನುಗಾರರು, ಗಜನಿ ಗದ್ದೆಗಳ ಕಗ್ಗ ಭತ್ತದ ರೈತರು ಸೇರಿ ಸಾವಿರಾರು ಕುಟುಂಬಗಳಿಗೆ ಆಧಾರ. ಇಳಿತದ ಹೊತ್ತಿನಲ್ಲಿ ಕೆಸರಿಗಿಳಿದು ಬಳಚು ಆರಿಸುವ ಹೆಂಗಸರಿಗೂ ಪಾಂಬನ್‌ನ ಪಾಚಿ ಕೀಳುವವರಿಗೂ ಹೋಲಿಕೆ ದೂರದ್ದಲ್ಲ. ರಾಮ್ಸರ್ ಪಟ್ಟಿ ರಾಷ್ಟ್ರೀಯ ಉದ್ಯಾನದಷ್ಟು ಬಿಗಿಯಾದ ಗೆರೆಯಲ್ಲ; ವಿವೇಕಯುತ ಬಳಕೆಯೇ ಅದರ ಮೂಲತತ್ತ್ವ. ಆ ಅವಕಾಶವನ್ನು ಬಳಸಿಕೊಳ್ಳಲು ಇದು ಸಕಾಲ. ವಿಶ್ವಬ್ಯಾಂಕ್ ನೆರವಿನ ಶೋರ್ ಕರಾವಳಿ ಯೋಜನೆಯಲ್ಲಿ ತಮಿಳುನಾಡಿನ ಜೊತೆಗೆ ಕರ್ನಾಟಕವೂ ಇದೆ. ಅಂದರೆ ಕರಾವಳಿಗೆ ಹಣ ಬರಲಿದೆ. ಅದನ್ನು ಹೇಗೆ ಹಂಚಬೇಕು ಎಂಬ ಪ್ರಶ್ನೆಗೆ ಮನ್ನಾರ್ ಕೊಲ್ಲಿ ಕೆಲವು ಉತ್ತರಗಳನ್ನು ಕೊಟ್ಟಿದೆ.

ಗೆರೆಯಿಂದ ಯಾರು ಏನನ್ನು ಕಳೆದುಕೊಳ್ಳುತ್ತಾರೆಂಬ ಪಟ್ಟಿ ಅನುದಾನಕ್ಕಿಂತ ಮೊದಲು ಸಿದ್ಧವಾಗಬೇಕು. ದಾಖಲೆಯಲ್ಲಿ ಹೆಸರಿಲ್ಲದವರ ಹೆಸರು ಅದರಲ್ಲಿ ಮೊದಲು ಬರಬೇಕು. ಒಮ್ಮೆ ಹಂಚಿ ಮುಗಿಯುವ ಹಣಕ್ಕಿಂತ ಊರಿನಲ್ಲೇ ಸುತ್ತುವ ಹಣ ಮೇಲು. ಅದರ ಲೆಕ್ಕ ನೋಡುವವರ ಸಂಬಳವೂ ಯೋಜನೆಯ ಭಾಗವಾಗಿರಬೇಕು. ಹೊಸ ಕಸುಬನ್ನು ತರುವಾಗ ಅದು ಕಾಪಾಡಬೇಕಾದ ನಿಸರ್ಗಕ್ಕೇ ಕುತ್ತಾಗದೆಂದು ಮೊದಲೇ ಪರೀಕ್ಷಿಸಬೇಕು. ನಷ್ಟದ ಹೊಣೆಯನ್ನು ಸಾಲ ಪಡೆದ ಹೆಂಗಸಿನ ತಲೆಗೆ ಕಟ್ಟಬಾರದು. ಎಲ್ಲಕ್ಕಿಂತ ಮಿಗಿಲಾಗಿ, ಜನರು ತಾವೇ ಮಾಡಿಕೊಂಡ ಕಟ್ಟಳೆ ಇದ್ದರೆ ಅದನ್ನು ಗುರುತಿಸಿ ಕಾನೂನಿನ ಬಲ ಕೊಡಬೇಕು. ಅದಕ್ಕೆ ತಗಲುವ ಖರ್ಚು ಅತಿ ಕಡಿಮೆ.

ಮನ್ನಾರ್ ಕೊಲ್ಲಿಯ ಮುಖ್ಯ ವಿದೇಶಿ ಅನುದಾನ ಮುಗಿದು ಹತ್ತು ವರ್ಷಗಳ ಮೇಲಾಯಿತು. ಯೋಜನೆಯ ಹೆಸರು ಬರೆದ ಫಲಕಗಳ ಬಣ್ಣ ಉಪ್ಪುಗಾಳಿಗೆ ಮಾಸುವಂಥದ್ದೇ. ಹುಣ್ಣಿಮೆ ಅಮಾವಾಸ್ಯೆಗಳ ಲೆಕ್ಕ ಹಾಕಿ, ಇಂದು ಹೋಗುವ ದಿನವೋ ಬಿಡುವಿನ ದಿನವೋ ಎಂದು ತೀರ್ಮಾನಿಸುವ ಹೆಂಗಸರ ಸಭೆಗೆ ಯಾವ ಫಲಕವೂ ಇಲ್ಲ. ಕೊಲ್ಲಿಯ ಪಾಚಿ ಮುಂದಿನ ವರ್ಷವೂ ಚಿಗುರುವುದಾದರೆ ಅದಕ್ಕೆ ಆ ಸಭೆಯ ತೀರ್ಮಾನವೂ ಒಂದು ಕಾರಣವಾಗಿರುತ್ತದೆ.